ಮೂಗಿಗೆ ನೆಗಡಿ: ಹಳೆಯ ಸಿಂಥಸೈಜರಿನ ಶ್ರುತಿ ಸರಿಪಡಿಸಿದ ಬಗೆ

ನಮ್ಮ ಮನೆಯ ನೆಲಮಾಳಿಗೆಯಲ್ಲಿ 1970ರ ದಶಕದ ಕೊನೆಯಲ್ಲಿ ತಯಾರಾದ ಒಂದು ಮಿನಿಮೂಗ್ ಮಾಡೆಲ್ ಡಿ ಇದೆ; ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ, ಅಂದರೆ ಸಿಂಥಸೈಜರ್. ಅದು ತಯಾರಾದ ಕಾರ್ಖಾನೆ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಪಕ್ಕದಲ್ಲಿ. ನಾವಿರುವ ರಾಚೆಸ್ಟರ್‌ನಿಂದ ಅಲ್ಲಿಗೆ ಕಾರಿನಲ್ಲಿ ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ವಾದ್ಯಕ್ಕೆ ಹೆಸರು ಕೊಟ್ಟ ರಾಬರ್ಟ್ ಮೂಗ್ ತಮ್ಮ ಮನೆತನದ ಹೆಸರನ್ನು ‘ಮೋಗ್’ ಎಂದೇ ಉಚ್ಚರಿಸುತ್ತಿದ್ದರು. ಆದರೆ ಕನ್ನಡದ ಬಾಯಿಗೆ ಅದು ಮೂಗೇ. ನವೆಂಬರಿನಲ್ಲಿ ಚಳಿ ಬಿದ್ದು ವಾದ್ಯವು ದಿನಕ್ಕೊಂದು ಶ್ರುತಿಯಲ್ಲಿ ನುಡಿಯತೊಡಗಿದಾಗ ನನ್ನ ಹೆಂಡತಿ ಮೆಟ್ಟಿಲ ಮೇಲಿನಿಂದಲೇ ‘ರೀ, ನಿಮ್ಮ ಮೂಗಿಗೆ ನೆಗಡಿಯಾಗಿದೆ’ ಎಂದಳು. ಅವಳು ಐದೂವರೆ ಮನೆ ಶ್ರುತಿಯಲ್ಲಿ ಹಾಡುವವಳು. ಅವಳ ಕಿವಿಗೆ ತಪ್ಪೆನಿಸಿದ್ದು ಮಾಪಕದಲ್ಲಿ ಸರಿಯಾಗಿ ಕಂಡ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಶ್ರುತಿ ಹೋಗಿದೆ ಎಂದ ಕೂಡಲೇ ಕಿರು ಸ್ಕ್ರೂಡ್ರೈವರ್ ಹಿಡಿದು, ಆಸಿಲೇಟರ್ (ಸ್ವರ ಹುಟ್ಟಿಸುವ ಸರ್ಕ್ಯೂಟ್) ಬೋರ್ಡಿನಲ್ಲಿ ಶ್ರುತಿ ಹೊಂದಿಸುವ ಪುಟ್ಟ ತಿರುಪುಗಳಾದ ಟ್ರಿಮ್ಮರುಗಳನ್ನು ಒಂದಾದ ಮೇಲೊಂದರಂತೆ ತಿರುಗಿಸಿದೆ. ಆ ಸಂಜೆ ವಾದ್ಯ ಚೆನ್ನಾಗಿಯೇ ನುಡಿಯಿತು. ಮಾರನೆಯ ಬೆಳಿಗ್ಗೆ ಸ್ವಿಚ್ ಹಾಕಿದಾಗ ಮೂರು ಆಸಿಲೇಟರುಗಳೂ ಮೂರು ದಾರಿ ಹಿಡಿದಿದ್ದವು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ದೋಷ ಯಾವುದು, ನನ್ನ ಕೈವಾಡ ಯಾವುದು ಎಂದು ಬೇರ್ಪಡಿಸುವ ದಾರಿಯನ್ನೇ ನಾನು ಮುಚ್ಚಿಕೊಂಡಿದ್ದೆ. ರಿಪೇರಿ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ವಾದ್ಯವನ್ನು ನೋಡದೆಯೇ ಇಡೀ ಆಸಿಲೇಟರ್ ಬೋರ್ಡನ್ನು ಬದಲಿಸಬೇಕಾಗುತ್ತದೆ ಎಂದರು. ಅವರು ಹೇಳಿದ ಬೆಲೆಯನ್ನು ಕೇಳಿದ ಮೇಲೆಯೇ ನಾನು ಕುರ್ಚಿ ಎಳೆದುಕೊಂಡು ಕುಳಿತು ಯೋಚಿಸಲು ತೊಡಗಿದ್ದು.

ಇಂಥ ವಾದ್ಯದಲ್ಲಿ ಸ್ವರವೆಂದರೆ ವೋಲ್ಟೇಜ್. ಒತ್ತಿದ ಕೀಗೆ ತಕ್ಕ ವೋಲ್ಟೇಜು ಆಸಿಲೇಟರಿಗೆ ಹೋಗುತ್ತದೆ, ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳಾದ್ದರಿಂದ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಅದರ ನೂರನೆಯ ಒಂದು ಭಾಗವಾದ ಸೆಂಟ್‌ಗೆ ಒಂದು ಮಿಲಿವೋಲ್ಟ್ ಕೂಡ ಬೇಕಿಲ್ಲ. ಸ್ವರ ಒಂದೊಂದು ಸ್ಥಾಯಿ ಏರಿದಾಗಲೂ ಆವರ್ತನ ಇಮ್ಮಡಿಯಾಗಬೇಕು, ಈ ಇಮ್ಮಡಿಸುವ ಕೆಲಸವನ್ನು ಒಂದು ಜೋಡಿ ಟ್ರಾನ್ಸಿಸ್ಟರುಗಳು ಮಾಡುತ್ತವೆ. ಅವುಗಳ ಮಟ್ಟದಲ್ಲಿ ಒಂದು ಸ್ಥಾಯಿ ಎಂದರೆ ಕೇವಲ 18 ಮಿಲಿವೋಲ್ಟ್, ಮತ್ತು ಈ ಅಳತೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.33ರಷ್ಟು ಬದಲಾಗುತ್ತದೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ಆಧಾರ ಬಿಂದುವಿನಿಂದ ಐದು ಸ್ಥಾಯಿ ದೂರದಲ್ಲಿರುವ ಸ್ವರವು, ಯಾವ ಪರಿಹಾರವೂ ಇಲ್ಲದಿದ್ದರೆ, ಒಂದೇ ಡಿಗ್ರಿಯ ವ್ಯತ್ಯಾಸಕ್ಕೆ 20 ಸೆಂಟ್ ಜಾರಿಬಿಡುತ್ತದೆ. ಹಿಂದಿನ ಮಿನಿಮೂಗ್‌ಗಳು ಶ್ರುತಿಯ ವಿಷಯದಲ್ಲಿ ಕುಖ್ಯಾತವಾದದ್ದಕ್ಕೆ ಕಾರಣವೂ ಇದೇ. ನನ್ನಲ್ಲಿರುವಂಥ ತಡವಾಗಿ ಬಂದ ವಾದ್ಯಗಳಲ್ಲಿ μA726 ಎಂಬ ಬಿಡಿಭಾಗವಿದೆ. ಆ ಪುಟ್ಟ ಲೋಹದ ಡಬ್ಬಿಯೊಳಗೆ ಟ್ರಾನ್ಸಿಸ್ಟರ್ ಜೋಡಿಯ ಜೊತೆಗೆ ಒಂದು ಹೀಟರನ್ನೂ ಇಟ್ಟಿದ್ದಾರೆ. ಹೊರಗೆ ಹಿಮ ಬೀಳಲಿ, ಸೆಕೆಯಾಗಲಿ, ಟ್ರಾನ್ಸಿಸ್ಟರುಗಳು ಮಾತ್ರ ಒಂದೇ ಬಿಸಿಯಲ್ಲಿರಬೇಕು ಎಂಬುದು ಅದರ ಉದ್ದೇಶ. ಈ ಭಾಗ ಈಗ ತಯಾರಾಗುವುದಿಲ್ಲ, ಸಿಕ್ಕರೂ ದುಬಾರಿ. ಎದೆ ಗಟ್ಟಿಮಾಡಿಕೊಂಡು ಬೆರಳು ಮುಟ್ಟಿಸಿ ನೋಡಿದೆ. ಆ ಡಬ್ಬಿಗಳು ಬಿಸಿಯಾಗಿಯೇ ಇದ್ದವು. ಅಷ್ಟರಮಟ್ಟಿಗೆ ನೆಮ್ಮದಿಯಾಯಿತು.

ದೋಷ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಮೂರೂ ಆಸಿಲೇಟರುಗಳು ಒಟ್ಟಿಗೆ ಜಾರುತ್ತಿವೆಯೋ ಅಥವಾ ಒಂದು ಮಾತ್ರ ಜಾರುತ್ತಿದೆಯೋ ಎಂಬುದು. ಒಟ್ಟಿಗೆ ಜಾರಿದರೆ ಕಾರಣ ಮೂರಕ್ಕೂ ಸೇರಿದ್ದಾಗಿರಬೇಕು: ವಿದ್ಯುತ್ ಪೂರೈಕೆ, ಕೀಬೋರ್ಡಿನ ವೋಲ್ಟೇಜು, ನುಡಿಸುವಾಗ ಸ್ವರವನ್ನು ಬಾಗಿಸುವ ಚಕ್ರ (ಪಿಚ್ ವೀಲ್), ಮುಖ್ಯ ಟ್ಯೂನ್ ನಾಬ್. ಒಂದೇ ಜಾರಿದರೆ ಇವೆಲ್ಲವನ್ನೂ ಬಿಟ್ಟು ಆ ಒಂದರ ದಾರಿಯನ್ನು ಮಾತ್ರ ಹಿಡಿಯಬಹುದು. ಮಿನಿಮೂಗ್‌ನಲ್ಲಿ ಈ ವಿಚಾರಣೆಗೆ ಬೇಕಾದ ಸಾಧನಗಳು ಮುಂಭಾಗದ ಫಲಕದಲ್ಲೇ ಇವೆ. A-440 ಎಂಬ ಸ್ವಿಚ್ ಒತ್ತಿದರೆ 440 ಹರ್ಟ್ಸ್ ಇರಬೇಕಾದ ಆಧಾರ ಸ್ವರವೊಂದು ಕೇಳುತ್ತದೆ, ಮೂರನೆಯ ಆಸಿಲೇಟರಿನ ಕಂಟ್ರೋಲ್ ಸ್ವಿಚ್ಚನ್ನು ಆಫ್ ಮಾಡಿದರೆ ಅದು ಕೀಬೋರ್ಡಿನ ಮತ್ತು ಪಿಚ್ ವೀಲಿನ ಹಿಡಿತದಿಂದ ಬಿಡಿಸಿಕೊಂಡು ತಂಬೂರಿಯಂತೆ ತನ್ನಷ್ಟಕ್ಕೆ ನುಡಿಯುತ್ತದೆ. ಆದರೆ ಆ A-440 ಗಡಿಯಾರದಲ್ಲಿರುವಂಥ ನಿಖರವಾದ ಸ್ಫಟಿಕದಿಂದ ಬರುವ ಸ್ವರವಲ್ಲ, ಅದೂ ಹೊಂದಿಸಬೇಕಾದ ಒಂದು ಸಾಮಾನ್ಯ ಸರ್ಕ್ಯೂಟೇ. ಫೋನಿನ ಟ್ಯೂನರಿನಲ್ಲಿ ನೋಡಿದರೆ ನನ್ನದು 443 ಹರ್ಟ್ಸ್ ತೋರಿಸಿತು, ಅಂದರೆ ಸುಮಾರು 12 ಸೆಂಟ್ ಮೇಲೆ. ಇಷ್ಟು ವರ್ಷ ನಾನು ನಂಬಿದ್ದ ಷಡ್ಜವೇ ಅಪಶ್ರುತಿಯಲ್ಲಿತ್ತು! ಆದರೂ ಅದು ಅಲುಗಾಡದೆ ನಿಂತಿದ್ದರಿಂದ ಪರೀಕ್ಷೆಗೆ ಸಾಕಾಗಿತ್ತು.

ಕೀಬೋರ್ಡಿನಿಂದ ಬಿಡಿಸಿದ ಮೂರನೆಯ ಆಸಿಲೇಟರನ್ನು ಆ ಸ್ವರಕ್ಕೆ ಸೇರಿಸಿ ಒಂದು ಗಂಟೆ ಬಿಟ್ಟೆ. ಮೊದಲ 20 ನಿಮಿಷ ಜಾರುವುದು ಸಹಜ, ವಾದ್ಯ ಬೆಚ್ಚಗಾಗಬೇಕು. ಆದರೆ ಆಮೇಲೂ ಅದು ಮೆಲ್ಲನೆ ಏರುತ್ತಲೇ ಹೋಯಿತು, ಮೊದಲನೆಯ ಆಸಿಲೇಟರ್ ಕೂಡ ಅದೇ ದಿಕ್ಕಿನಲ್ಲಿ ಅದೇ ವೇಗದಲ್ಲಿ ಏರುತ್ತಿತ್ತು. ಒಂದು ಕೀಬೋರ್ಡಿಗೆ ಅಂಟಿಕೊಂಡಿದೆ, ಇನ್ನೊಂದು ಇಲ್ಲ; ಆದರೂ ಎರಡೂ ಜೊತೆಯಾಗಿ ಸಾಗುತ್ತವೆ ಎಂದಮೇಲೆ ಮೊದಲು ಶಂಕಿಸಬೇಕಾದದ್ದು ವಿದ್ಯುತ್ ಪೂರೈಕೆಯನ್ನೇ. ಈ ವಾದ್ಯವು +10 ಮತ್ತು −10 ವೋಲ್ಟ್‌ಗಳ ಮೇಲೆ ನಡೆಯುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದಾಗ +10ರ ಸಾಲು ತಣ್ಣಗಿರುವಾಗ 9.96 ವೋಲ್ಟ್ ಇದ್ದದ್ದು ಗಂಟೆಯೊಳಗೆ 10.00ಕ್ಕೆ ಏರಿತು. ನಲವತ್ತು ಮಿಲಿವೋಲ್ಟ್ ಎಂದರೆ ಶೇಕಡಾ 0.4 ಮಾತ್ರ. ಆದರೆ ಆಸಿಲೇಟರಿನ ಸ್ಥಾನವನ್ನು ನಿರ್ಧರಿಸುವ ವೋಲ್ಟೇಜುಗಳು ಆ ಸಾಲಿನಿಂದಲೇ ಬರುವುದರಿಂದ, ಮೂರು ವೋಲ್ಟಿನ ಒಂದು ಹೊಂದಾಣಿಕೆ ಅಷ್ಟಕ್ಕೆ 12 ಮಿಲಿವೋಲ್ಟ್ ಸರಿಯುತ್ತದೆ, ಕಿವಿಗೆ ಅದು 14 ಸೆಂಟ್ ಆಗಿ ಕೇಳುತ್ತದೆ. ವೋಲ್ಟೇಜನ್ನು ಹೊಂದಿಸುವ ಹಳೆಯ ಟ್ರಿಮ್ಮರನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮೀಟರಿನ ಕೊನೆಯ ಅಂಕಿ ಕುಣಿಯಿತು. ಅದನ್ನು ತೆಗೆದು ಹೊಸದನ್ನು ಬೆಸೆದೆ, ವಯಸ್ಸಾಗಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸಿದೆ. ಈ ಭಾಗದಲ್ಲಿ ಮನೆಯ ವಿದ್ಯುತ್ತು ನೇರವಾಗಿ ಹರಿಯುವುದರಿಂದ ಪ್ಲಗ್ ಕಿತ್ತ ಮೇಲಷ್ಟೇ ಕೈ ಹಾಕಬೇಕು.

ಮೂರು ದಿನಗಳ ಬಳಿಕ ಒಂದನೆಯದೂ ಮೂರನೆಯದೂ ನಿಂತ ಕಡೆ ನಿಂತಿದ್ದವು. ಎರಡನೆಯದು ಮಾತ್ರ ತುಂಟ ಹುಡುಗನಂತೆ ಆಗಾಗ ನೆಗೆಯುತ್ತಿತ್ತು. ಇದು ಜಾರುವಿಕೆಯಲ್ಲ ಎಂಬುದನ್ನು ಗಮನಿಸಬೇಕು. ಉಷ್ಣತೆಯಿಂದ ಕೆಟ್ಟ ಶ್ರುತಿ ಮೆಲ್ಲನೆ ಸರಿಯುತ್ತದೆ, ಸಂಪರ್ಕ ಕೆಟ್ಟಿದ್ದರೆ ಥಟ್ಟನೆ ಹಾರುತ್ತದೆ. ಸ್ಥಾಯಿ ಬದಲಿಸುವ ರೇಂಜ್ ಸ್ವಿಚ್ಚಿಗೆ ಒಂದೆರಡು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಮೂವತ್ತು ಬಾರಿ ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಆಗ ಮುಂಭಾಗದ ಫಲಕವನ್ನು ಸುಮ್ಮನೆ ನೋಡುತ್ತಾ ಕುಳಿತವನಿಗೆ ಹೊಳೆಯಿತು: ಒಂದನೆಯ ಆಸಿಲೇಟರಿಗೆ ಇಲ್ಲದ್ದು, ಎರಡು ಮತ್ತು ಮೂರಕ್ಕೆ ಇರುವುದು, ಆಯಾ ಆಸಿಲೇಟರಿನ ಶ್ರುತಿಯನ್ನು ಏರಿಳಿಸುವ ಫ್ರೀಕ್ವೆನ್ಸಿ ನಾಬ್. ಮೂರನೆಯದರ ನಾಬನ್ನು ನಾನು ಸದಾ ತಿರುಗಿಸುತ್ತಿರುತ್ತೇನೆ. ಎರಡನೆಯದರದ್ದು ವರ್ಷಗಟ್ಟಲೆ ನಟ್ಟನಡುವೆ, ಒಂದು ಕೂದಲಷ್ಟು ಅತ್ತ ಇತ್ತ, ಅದೇ ಜಾಗದಲ್ಲಿ ನಿಂತಿದೆ.

ಪ್ಲಗ್ ಕಿತ್ತು, ನಾಬಿನ ಹಿಂದಿರುವ, ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರಿನ ತಂತಿ ಬಿಡಿಸಿ, ಮೀಟರಿನ ಒಂದು ಮೊನೆಯನ್ನು ನಡುವಿನ ಕಾಲಿಗೂ ಇನ್ನೊಂದನ್ನು ತುದಿಯ ಕಾಲಿಗೂ ಹಿಡಿದು, ಹಾಲು ಉಕ್ಕುವುದನ್ನು ಕಾಯುವಷ್ಟು ನಿಧಾನವಾಗಿ ತಿರುಗಿಸಿದೆ. ಎರಡೂ ಬದಿಯಲ್ಲಿ ಅಂಕಿ ಸರಾಗವಾಗಿ ಏರಿಳಿಯಿತು, ನಡುವಿನ ಆ ಬೆರಳುಗುರಿನಷ್ಟು ಅಂತರದಲ್ಲಿ ಮಾತ್ರ ತಪ್ಪಿ ತಪ್ಪಿ ಹಾರಿತು. ಒಳಗಿನ ಕಾರ್ಬನ್ ಪಟ್ಟಿ ಅಲ್ಲಿ ಸವೆದುಹೋಗಿತ್ತು. ಖಾತ್ರಿಗೆಂದು ಅದರ ಜಾಗದಲ್ಲಿ ಸಮಾನ ರೋಧದ ಎರಡು ರೆಸಿಸ್ಟರುಗಳನ್ನು ತಾತ್ಕಾಲಿಕವಾಗಿ ಜೋಡಿಸಿದೆ. ನಾಬ್ ನಟ್ಟನಡುವೆ ನಿಂತಂತೆಯೇ ಅವು ವರ್ತಿಸುತ್ತವೆ. ಆ ರಾತ್ರಿಯಿಡೀ ಎರಡನೆಯ ಆಸಿಲೇಟರ್ ಕದಲಲಿಲ್ಲ. ಸಾವಿರಾರು ಡಾಲರಿನ ಬೋರ್ಡಲ್ಲ, ಊಟಕ್ಕಿಂತ ಅಗ್ಗದ ಒಂದು ಪೊಟೆನ್ಷಿಯೋಮೀಟರ್.

ಇಷ್ಟಾದ ಮೇಲೆಯೇ ನಾನು ಮೊದಲ ದಿನ ಕೆಡಿಸಿದ್ದ ಟ್ರಿಮ್ಮರುಗಳ ಸರದಿ ಬಂತು. ಪ್ರತಿ ಆಸಿಲೇಟರಿಗೂ ಕೆಳಗಿನ ಸ್ವರವನ್ನು ಒಂದರಲ್ಲಿ ಕೂಡಿಸಬೇಕು, ಮೇಲಿನ ಸ್ಥಾಯಿಯ ಅಗಲವನ್ನು ಇನ್ನೊಂದರಲ್ಲಿ ಸರಿಪಡಿಸಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡುವುದರಿಂದ ನಾಲ್ಕಾರು ಬಾರಿ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಅದಕ್ಕೂ ಮುಂಚೆ, ಕೀಬೋರ್ಡಿನಲ್ಲಿ ಒಂದು ಸ್ಥಾಯಿ ಏರಿದಾಗಲೂ ರೇಂಜ್ ಸ್ವಿಚ್ಚಿನಲ್ಲಿ ಒಂದು ಮೆಟ್ಟಿಲು ಏರಿದಾಗಲೂ ಒಂದೇ ಸ್ವರ ಬರುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸ್ವಿಚ್ಚು ಸರಿಯಿದ್ದು ಕೀಬೋರ್ಡು ತಪ್ಪಿದ್ದರೆ ದೋಷ ಕೀಬೋರ್ಡಿನ ಕಡೆಯದು, ಆಸಿಲೇಟರನ್ನು ದೂರಬಾರದು. ಇಲ್ಲಿ ಕಿವಿ ಮಾಪಕಕ್ಕಿಂತ ಮೇಲು. ಎರಡು ಆಸಿಲೇಟರುಗಳನ್ನು ಒಟ್ಟಿಗೆ ನುಡಿಸಿದಾಗ ಏಳುವ ಅಲೆಯಲೆಯಾದ ಏರಿಳಿತವನ್ನು ಕೇಳುತ್ತಾ, ಅದು ನಿಧಾನವಾಗಿ ನಿಲ್ಲುವವರೆಗೆ ತಿರುಗಿಸಬೇಕು, ತಂಬೂರಿಯ ಜೋಡಿ ತಂತಿಗಳನ್ನು ಕೂಡಿಸುವ ಹಾಗೆಯೇ. 880 ಹರ್ಟ್ಸ್‌ನಲ್ಲಿ ಒಂದು ಸೆಂಟಿನ ತಪ್ಪು ಎರಡು ಸೆಕೆಂಡಿಗೊಂದು ಅಲೆಯಾಗಿ ಕೇಳುತ್ತದೆ, 110ರಲ್ಲಿ ಅದೇ ತಪ್ಪಿನ ಒಂದು ಅಲೆಗೆ 16 ಸೆಕೆಂಡ್ ಕಾಯಬೇಕು. ಹಾಗಾಗಿ ಸೂಕ್ಷ್ಮ ಕೆಲಸವನ್ನು ಮೇಲಿನ ಸ್ಥಾಯಿಯಲ್ಲೇ ಮುಗಿಸಿದೆ. ಪೆಟ್ಟಿಗೆ ತೆರೆದಿದ್ದರೆ ಒಳಗಿನ ಬಿಸಿ ಹಾರಿಹೋಗುವುದರಿಂದ ಪ್ರತಿ ತಿರುವಿನ ನಂತರ ಮುಚ್ಚಿ, ಕೆಲವು ನಿಮಿಷ ಕಾದು, ಮತ್ತೆ ಕೇಳಿದೆ. ಕಡೆಯ ಸುತ್ತಿಗೆ ಹೆಂಡತಿಯನ್ನು ಕರೆದೆ. ಅವಳು ಕಣ್ಣು ಮುಚ್ಚಿ ‘ಇನ್ನೊಂದು ಚೂರು ಕೆಳಗೆ… ಅಲ್ಲೇ ಬಿಡಿ’ ಎಂದಳು. ಟ್ಯೂನರ್ ಅರ್ಧ ಸೆಂಟ್ ವ್ಯತ್ಯಾಸ ತೋರಿಸುತ್ತಿತ್ತು. ಅಲ್ಲೇ ಬಿಟ್ಟೆ.

ಒಂದು ಕಾಯಿಲೆ ಇನ್ನೂ ಉಳಿದಿದೆ. ಕೀ ಬಿಟ್ಟ ಮೇಲೆ ಸ್ವರ ಕ್ರಮೇಣ ನಿಶ್ಶಬ್ದವಾಗುವ ಹೊತ್ತಿನಲ್ಲಿ ಶ್ರುತಿ ತುಸು ಕುಗ್ಗುತ್ತದೆ. ಕೊನೆಯ ಕೀಯ ವೋಲ್ಟೇಜನ್ನು ನೆನಪಿಟ್ಟುಕೊಳ್ಳುವ ಕೆಪಾಸಿಟರೋ ಅದರ ಪಕ್ಕದ ಎಫ್‌ಇಟಿ ಎಂಬ ಬಗೆಯ ಟ್ರಾನ್ಸಿಸ್ಟರೋ ಸೋರುತ್ತಿರಬೇಕು. ಬೋರ್ಡನ್ನು ಆಲ್ಕೋಹಾಲಿನಿಂದ ಒರೆಸಿದ ಮೇಲೆ ಸೋರಿಕೆ ಅರ್ಧಕ್ಕೆ ಇಳಿದಿದೆ. ಬಿಡಿಭಾಗಗಳಿಗೆ ಆರ್ಡರ್ ಹಾಕಿದ್ದೇನೆ, ಅವು ಬರುವವರೆಗೆ ಸ್ವರವನ್ನು ಉದ್ದಕ್ಕೆ ಬಿಡದೆ ನುಡಿಸುತ್ತಿದ್ದೇನೆ.