ನಕ್ಷೆಯ ಬಾಣಗುರುತುಗಳು

ನಿನ್ನೆ ರಾತ್ರಿ ಯುದ್ಧೇತಿಹಾಸದ ಪುಸ್ತಕವೊಂದರಲ್ಲಿ ಕ್ರಿ.ಪೂ. 216ರ ಕ್ಯಾನೆ ಕದನದ ಅಧ್ಯಾಯವನ್ನು ಓದಿ ಮುಗಿಸಿದೆ. ರೋಮಿನ ವಿರುದ್ಧ ಹೋರಾಡಿದ, ಉತ್ತರ ಆಫ್ರಿಕದ ಕಾರ್ತೇಜ್ ರಾಜ್ಯದ ಸೇನಾಪತಿ ಹ್ಯಾನಿಬಲ್ ತನ್ನ ಸೇನೆಯ ನಡುಭಾಗವನ್ನು ಹಿಂದೆ ಸರಿಯಗೊಟ್ಟು, ಮುನ್ನುಗ್ಗಿ ಬಂದ ರೋಮನ್ನರನ್ನು ಎರಡೂ ಪಕ್ಕಗಳಿಂದ ಆಫ್ರಿಕದ ಕಾಲಾಳುಗಳೂ ಬೆನ್ನ ಹಿಂದಿನಿಂದ ಕುದುರೆ ಸವಾರರೂ ಸುತ್ತುಗಟ್ಟುವಂತೆ ಮಾಡಿದ ಬಗೆಯನ್ನು ನಕ್ಷೆಯ ನಾಲ್ಕಾರು ಬಾಣಗುರುತುಗಳು ಎಷ್ಟು ಅಚ್ಚುಕಟ್ಟಾಗಿ ತೋರಿಸುತ್ತವೆಯೆಂದರೆ, ಆ ಸುತ್ತಿನೊಳಗೆ ಒತ್ತೊತ್ತಾಗಿ ಸಿಲುಕಿದ ಸಾವಿರಾರು ಮಂದಿ ಕೈಯೆತ್ತಲೂ ಎಡೆಯಿಲ್ಲದೆ ಸತ್ತರೆಂಬುದು ಕ್ಷಣಕಾಲ ಮರೆತೇಹೋಗುತ್ತದೆ.

ಇಂತಹ ಪುಸ್ತಕಗಳನ್ನು ನಾನು ಬಹಳ ಪ್ರೀತಿಯಿಂದ ಓದುತ್ತೇನೆ. ಆದರೂ ಸೇನಾಪತಿಯ ಜಾಣ್ಮೆಯನ್ನು ಕೊಂಡಾಡುವ ಪುಟಗಳಿಗಿಂತ, ಯೋಜನೆಯೊಂದು ಏಕೆ ಕುಸಿಯಿತೆಂದು ತಾಳ್ಮೆಯಿಂದ ಬಿಡಿಸಿ ಹೇಳುವ ಪುಟಗಳೇ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ ಸೋಮ್ ಕದನದಲ್ಲಿ ಬ್ರಿಟಿಷರ ಒಂದು ವಾರದ ಫಿರಂಗಿ ದಾಳಿಯ ನಂತರವೂ ಹಲವೆಡೆ ಜರ್ಮನ್ನರ ಮುಳ್ಳುತಂತಿ ಕಡಿಯದೆ ಉಳಿದಿತ್ತು. ಜರ್ಮನ್ ಸೈನಿಕರಲ್ಲಿ ಅನೇಕರು ನೆಲದಾಳದ ಅಡಗುದಾಣಗಳಲ್ಲಿ ಬದುಕಿಕೊಂಡಿದ್ದು, ಗುಂಡಿನ ಸುರಿಮಳೆ ನಿಂತೊಡನೆ ಮೆಷಿನ್ ಗನ್ನುಗಳೊಂದಿಗೆ ಮೇಲೆ ಬಂದರು. 1916ರ ಜುಲೈ 1ರ ಆ ಒಂದೇ ದಿನ ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಮಂದಿ ಸತ್ತರು. ತಂತಿಯ ಕುರಿತಾದ ಆ ಭಾಗವನ್ನು ಇಂದು ಬೆಳಿಗ್ಗೆ ಮತ್ತೊಮ್ಮೆ ಓದಿದೆ.