ಓವರ್‌ಕ್ಲಾಕಿಂಗ್ ಶುರುವಾಗಬೇಕಾದದ್ದು ರ‍್ಯಾಮಿನಿಂದ

ಓವರ್‌ಕ್ಲಾಕಿಂಗ್ ಎಂದರೆ ಕಂಪ್ಯೂಟರಿನ ಭಾಗವೊಂದನ್ನು ಅದರ ಮೂಲ ವೇಗಕ್ಕಿಂತ ವೇಗವಾಗಿ ಓಡಿಸುವುದು. ಹೊಸ ಡೆಸ್ಕ್‌ಟಾಪ್ ಜೋಡಿಸುವವರಲ್ಲಿ ಅನೇಕರು ದುಬಾರಿ ರ‍್ಯಾಮ್ ಹಾಕಿಯೂ ಅದರ ಪೂರ್ಣ ವೇಗವನ್ನು ಬಳಸುವುದಿಲ್ಲ. ಡಿಡಿಆರ್5 6000 (ಸೆಕೆಂಡಿಗೆ 6000 ಮೆಗಾಟ್ರಾನ್ಸ್‌ಫರ್ ವೇಗ) ಎಂದು ಮಾರಾಟವಾಗುವ ರ‍್ಯಾಮ್, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ತಯಾರಕರೇ ಸಿದ್ಧಪಡಿಸಿಟ್ಟ ವೇಗದ ಪ್ರೊಫೈಲನ್ನು ಆನ್ ಮಾಡುವವರೆಗೆ, ಸಾಮಾನ್ಯವಾಗಿ 4800ರ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತದೆ. ಆ ಪ್ರೊಫೈಲ್ ವೇಗದ ಜೊತೆಗೆ 1.1 ವೋಲ್ಟ್‌ನ ಮೂಲ ವೋಲ್ಟೇಜನ್ನೂ ಅನೇಕ ವೇಳೆ 1.35ರವರೆಗೆ ಏರಿಸುತ್ತದೆ, ಹಾಗಾಗಿ ಇದೂ ಓವರ್‌ಕ್ಲಾಕಿಂಗೇ. ಪ್ರೊಫೈಲ್ ಬದಲಾಯಿಸಿದ ನಂತರದ ಮೊದಲ ಬೂಟ್‌ನಲ್ಲಿ ಮದರ್‌ಬೋರ್ಡ್ ಮೆಮೊರಿ ಟ್ರೈನಿಂಗ್, ಅಂದರೆ ಹೊಸ ವೇಗಕ್ಕೆ ಮೆಮೊರಿಯನ್ನು ಹೊಂದಿಸಿಕೊಳ್ಳುವ ಕೆಲಸ, ನಡೆಸುವುದರಿಂದ, ಫ್ಯಾನ್‌ಗಳು ತಿರುಗುತ್ತಿದ್ದರೂ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಉಳಿಯಬಹುದು. ಆಗ ಗಾಬರಿಯಾಗಿ ಪವರ್ ಬಟನ್ ಒತ್ತಬಾರದು. ವಿಂಡೋಸ್ ತೆರೆದುಕೊಂಡಿತೆಂದ ಮಾತ್ರಕ್ಕೆ ರ‍್ಯಾಮ್ ಸ್ಥಿರವಾಗಿದೆ ಎಂದು ನಾನು ಒಪ್ಪುವುದಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಒಂದು ರಾತ್ರಿಯಿಡೀ ಒಂದೂ ದೋಷವಿಲ್ಲದೆ ಓಡಬೇಕು, ಏಕೆಂದರೆ ಅಸ್ಥಿರವಾದ ರ‍್ಯಾಮ್ ಸದ್ದಿಲ್ಲದೆ ಕಡತಗಳನ್ನೇ ಕೆಡಿಸಬಲ್ಲದು.

ಪ್ರೊಸೆಸರಿನ ವಿಷಯದಲ್ಲಿ ನನ್ನ ಉತ್ಸಾಹ ಕಡಿಮೆ. ಅದರ ವಿದ್ಯುತ್ ಬಳಕೆ ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕ್ಲಾಕ್ (ಪ್ರೊಸೆಸರಿನ ವೇಗ) ಬದಲಿಸದೆ ವೋಲ್ಟೇಜನ್ನು ಶೇಕಡ 10ರಷ್ಟು ಹೆಚ್ಚಿಸಿದರೂ ಬಳಕೆ ಸುಮಾರು ಶೇಕಡ 21ರಷ್ಟು ಹೆಚ್ಚುತ್ತದೆ, ಮತ್ತು ಅಷ್ಟೂ ಶಾಖವನ್ನು ಕೂಲರ್ ಹೊರಹಾಕಬೇಕಾಗುತ್ತದೆ. ಇಂದಿನ ಪ್ರೊಸೆಸರುಗಳು ಶಾಖ ಮತ್ತು ವಿದ್ಯುತ್ತಿನ ಮಿತಿಯೊಳಗೆ ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುವುದರಿಂದ (ಬೂಸ್ಟ್), ವೋಲ್ಟೇಜನ್ನು ಹಂತಹಂತವಾಗಿ ಇಳಿಸುವುದೇ ಹೆಚ್ಚು ಲಾಭದಾಯಕವೆಂಬುದು ನನ್ನ ಅಭಿಪ್ರಾಯ.