"ಮಗಳಿಗೆ ಏನು ಕೊಟ್ರಿ?" ಅಂತ ಕೇಳುವವರಿಗೆಲ್ಲ

ಲಿಫ್ಟಿನಲ್ಲಿ ಕೇಳುತ್ತಾರೆ. ಪಾರ್ಕಿನಲ್ಲಿ ಜಾರುಬಂಡೆಯ ಹತ್ತಿರ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಅದೂ ಪಾಯಸ ಬಡಿಸುವ ಹೊತ್ತಿಗೆ. "ನಿಮ್ಮ ಮಗಳಿಗೂ ಮೋಷನ್ ಆಗ್ತಿರಲಿಲ್ವಂತೆ, ಈಗ ಸರಿಹೋಗಿದೆಯಂತೆ. ಏನು ಕೊಟ್ರಿ?"

ಎರಡು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆದುಬಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಊಟ ಮಾಡ್ತಾ ಓದಬೇಡಿ, ಅಷ್ಟೇ.

ಮೊದಲು ನೇರ ಉತ್ತರ. ಡಾಕ್ಟರು ಬರೆದುಕೊಟ್ಟ ಒಂದು ಪುಡಿ ಕೊಟ್ಟೆವು. ಏಳು ತಿಂಗಳು ಕೊಟ್ಟೆವು. ಹಾಲು ಕಮ್ಮಿ ಮಾಡಿದೆವು. ಕಾಲ ಕೆಳಗೆ ಒಂದು ಮಣೆ ಇಟ್ಟೆವು. ಮತ್ತೆ, ಅವಳನ್ನು ಹೆದರಿಸುವುದನ್ನು ನಿಲ್ಲಿಸಿದೆವು.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. "ಏಳು ತಿಂಗಳಾ? ಅಷ್ಟು ದಿನ ಇಂಗ್ಲಿಷ್ ಔಷಧಿನಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಅವರಿಗೆ ಬೇಕಾಗಿರುವುದು ಇವತ್ತು ರಾತ್ರಿ ಕೊಟ್ಟರೆ ನಾಳೆ ಬೆಳಿಗ್ಗೆ ಕೆಲಸ ಆಗುವಂಥದ್ದು. ಆಮೇಲೆ ಅವರೇ ನನಗೆ ಹೇಳಲು ಶುರು ಮಾಡುತ್ತಾರೆ. ಒಣದ್ರಾಕ್ಷಿ ನೆನೆಸಿದ ನೀರು ಕೊಡ್ಬೇಕಿತ್ತು, ಹರಳೆಣ್ಣೆ ಒಂದು ಚಮಚ ಸಾಕಿತ್ತು, ಏಲಕ್ಕಿ ಬಾಳೆ ಕೊಟ್ಟಿರ್ತೀರಿ ಪಚ್ಚಬಾಳೆ ಕೊಡ್ಬೇಕು, ಅಳಲೆಕಾಯಿ ತೇಯ್ದು ನೆಕ್ಕಿಸಿದ್ರಾ, ಹೊಕ್ಕುಳಿಗೆ ಇಂಗು ಹಚ್ಚಿದ್ರಾ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ಸಿಟ್ಟು ಬರುತ್ತದೆ. "ಏನು ಕೊಟ್ರಿ" ಅನ್ನುವ ಪ್ರಶ್ನೆಯಲ್ಲಿ ಮಗುವೇ ಇಲ್ಲ. ಮೇಲೆ ಒಂದು ಬಾಯಿ ಇದೆ, ಕೆಳಗೆ ಬರಬೇಕಾದ್ದು ಒಂದಿದೆ. ಮಧ್ಯೆ ಇರುವ ಎರಡು ವರ್ಷದ ಜೀವ ಏನು ಪಡುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಅದನ್ನೇ ಹೇಳಬೇಕಾಗಿರುವುದು.

ಅವಳಿಗೆ ಎರಡು ವರ್ಷ ಎರಡು ತಿಂಗಳಾಗಿದ್ದಾಗ ಒಂದು ವಾರ ಜ್ವರ ಬಂತು. ಏಪ್ರಿಲ್ ತಿಂಗಳು, ಬೆಂಗಳೂರೂ ಬೇಯುವ ಬಿಸಿಲು. ಊಟ ಬಿಟ್ಟಳು, ಬರೀ ಹಾಲು ಕುಡಿದಳು. ಜ್ವರ ಬಿಟ್ಟ ಮೇಲೆ ಒಂದು ದಿನ ಕಲ್ಲಿನಂಥ ಕಕ್ಕ ಬಂತು, ಅಂಚಿನಲ್ಲಿ ಒಂದು ಗೆರೆ ರಕ್ತ. ಅವತ್ತು ಅವಳು ಕಿರುಚಿದ್ದು ಮೂರನೇ ಮಹಡಿಯಿಂದ ಕೆಳಗಿನ ವಾಚ್‌ಮನ್ ಕ್ಯಾಬಿನ್ನಿಗೂ ಕೇಳಿಸಿತ್ತು. ಅಲ್ಲಿಂದ ಮುಂದೆ ಮೂರು ದಿನಕ್ಕೊಮ್ಮೆ ಆಯ್ತು, ಆಮೇಲೆ ಐದು ದಿನಕ್ಕೊಮ್ಮೆ.

ಹಾಗೆ ಐದನೇ ದಿನ ನಡೆಯುತ್ತಿದ್ದಾಗ ಕೆಂಗೇರಿ ಕಡೆ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶ ಇತ್ತು. ಊಟ ಮುಗಿದಿತ್ತು. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ಅವಳು ನಿಂತಿದ್ದಳು. ಹಸಿರು ರೇಷ್ಮೆ ಲಂಗ, ಒಂದು ಕೈಯಲ್ಲಿ ಅರ್ಧ ತಿಂದ ಚಿರೋಟಿ. ಇನ್ನೊಂದು ಕೈಯಲ್ಲಿ ಕುರ್ಚಿಯ ಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು. ತುದಿಗಾಲ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದುಕೊಂಡಿದ್ದಳು. ಮುಖ ಕೆಂಪಗಾಗಿತ್ತು. ಮೂಗಿನ ತುದಿಯಲ್ಲಿ ಬೆವರಿನ ಹನಿ.

"ಪಾಪ, ತಿಣುಕ್ತಿದೆ ಮಗು" ಅಂದರು ಯಾರೋ. ಎಲ್ಲರೂ ಸುತ್ತ ಸೇರಿದರು. "ತಿಣುಕು ಪುಟ್ಟಿ, ತಿಣುಕು!" ಚಪ್ಪಾಳೆ ಬೇರೆ. ಒಬ್ಬ ದೊಡ್ಡಮ್ಮ ತಾಂಬೂಲದ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದರು, ತೊಟ್ಟು ಮುರಿದರು, ದೀಪಕ್ಕೆ ಇಟ್ಟಿದ್ದ ಎಣ್ಣೆಯಲ್ಲಿ ಅದ್ದಿದರು. "ಎರಡು ನಿಮಿಷದ ಕೆಲಸ ಕಣೋ. ನಿಮ್ಮನ್ನೆಲ್ಲ ಹೀಗೇ ಬೆಳೆಸಿದ್ದು." ಒಳಗಿನ ರೂಮಿನಲ್ಲಿ ಹೊಸ ಸುಣ್ಣಬಣ್ಣದ ವಾಸನೆ. ಇಬ್ಬರು ಅವಳ ಕೈ ಹಿಡಿದರು. ಕಾಲು ಹಿಡಿದವನು ನಾನು.

ಕೆಲಸ ಆಯ್ತು. ಎಲ್ಲರಿಗೂ ಖುಷಿ. "ನೋಡು, ಸುಮ್ನೆ ಡಾಕ್ಟರ ಹತ್ರ ದುಡ್ಡು ಸುರೀತಿದ್ದೆ" ಅಂದರು. ಅವಳು ಅಳುವುದನ್ನೂ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಮೂರು ವಾರ ಯಾರು ಚಡ್ಡಿ ಬಿಚ್ಚಲು ಹೋದರೂ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಸ್ನಾನಕ್ಕೂ ಬಿಡುತ್ತಿರಲಿಲ್ಲ. ಐದು ದಿನಕ್ಕೊಮ್ಮೆ ಆಗುತ್ತಿದ್ದದ್ದು ಎಂಟು ದಿನಕ್ಕೆ ಹೋಯ್ತು. ಗೃಹಪ್ರವೇಶದ ಕಥೆ ಹೇಳುವವರು ಈ ಮೂರು ವಾರದ ಕಥೆ ಹೇಳುವುದಿಲ್ಲ, ಅವರು ನೋಡಿಲ್ಲ.

ಮಕ್ಕಳ ಡಾಕ್ಟರ ಹತ್ತಿರ ಇದನ್ನೆಲ್ಲ ಹೇಳಿದೆ. ತುದಿಗಾಲು, ಹೆಣೆದ ಕಾಲು, ಪರದೆ ಹಿಂದೆ ಅಡಗುವುದು, ಎಲ್ಲ. ಅವರು ಒಂದೇ ಮಾತು ಹೇಳಿದರು: "ಅವಳು ತಿಣುಕ್ತಿಲ್ಲ. ತಡೀತಿದ್ದಾಳೆ."

ನಾವು ಹೊರಗೆ ಬರಲಿ ಅಂತ ಚಪ್ಪಾಳೆ ಹೊಡೆಯುತ್ತಿದ್ದಾಗ ಅವಳು ಬರದೇ ಇರಲಿ ಅಂತ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕುತ್ತಿದ್ದಳು. ಒಂದು ಸಲ ನೋವಾಗಿದೆ. ಇನ್ನೊಂದು ಸಲ ಬೇಡ ಅಂತ ಬಿಗಿಹಿಡಿದಿದ್ದಾಳೆ. ಅಷ್ಟೇ ವಿಷಯ.

ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಇದು: ಅವಳು ಯಾಕೆ ತಡೀತಿದ್ದಳು? ಇದನ್ನು ಕೇಳಿದರೆ ನಾನು ಎಷ್ಟು ಹೊತ್ತು ಬೇಕಾದರೂ ನಿಂತು ಮಾತಾಡುತ್ತೇನೆ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಮಲ ಅಲ್ಲಿ ಜಾಸ್ತಿ ಹೊತ್ತು ಕೂತಷ್ಟೂ ಒಣಗುತ್ತದೆ, ಗಟ್ಟಿಯಾಗುತ್ತದೆ, ಹಿಂದಿನಿಂದ ಬಂದದ್ದೂ ಸೇರಿ ದಪ್ಪವಾಗುತ್ತದೆ. ಕೊನೆಗೆ ಬರುವಾಗ ಗುದದ ಅಂಚು ಬಿರಿಯುತ್ತದೆ. ಅದನ್ನೇ ಫಿಶರ್ ಅನ್ನುತ್ತಾರೆ, ಆ ರಕ್ತದ ಗೆರೆ ಅಲ್ಲಿಂದ ಬಂದದ್ದು. ನೋವಾದ ಮೇಲೆ ಮಗು ಇನ್ನೂ ಜೋರಾಗಿ ತಡೆಯುತ್ತದೆ. ತಡೆದಷ್ಟೂ ಇನ್ನೂ ಗಟ್ಟಿ. ವಾರಗಟ್ಟಲೆ ಹೀಗಾದರೆ ಕರುಳಿನ ಕೊನೆಯ ಭಾಗ ಬಲೂನಿನ ಹಾಗೆ ಹಿಗ್ಗುತ್ತದೆ. ಹಿಗ್ಗಿದ ಮೇಲೆ "ಬಂತು" ಅನ್ನುವ ಸೂಚನೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳಗಿನದು ಸೋರಿ ಚಡ್ಡಿಗೆ ಅಂಟುತ್ತದೆ. ನಾವು ಅದನ್ನು ನೋಡಿ ಭೇದಿ ಅಂದುಕೊಂಡು ಎರಡು ದಿನ ಬರೀ ಗಂಜಿ ಕೊಟ್ಟಿದ್ದೆವು.

ಮಲಬದ್ಧತೆ ಇರುವ ಹೆಚ್ಚಿನ ಮಕ್ಕಳಿಗೆ ಒಳಗೆ ಬೇರೆ ಕಾಯಿಲೆ ಇರುವುದಿಲ್ಲ. ಈ ತಡೆಯುವ ಚಕ್ರವೇ ಕಾಯಿಲೆ. ಅದು ಶುರುವಾಗುವುದು ಜಾಸ್ತಿ ಇಂಥ ಹೊತ್ತಲ್ಲೇ: ತಾಯಿ ಹಾಲು ಬಿಟ್ಟು ಬೇರೆ ಊಟ ಶುರುವಾದಾಗ, ಡಯಾಪರ್ ಬಿಡಿಸಿ ಕಮೋಡಿನಲ್ಲಿ ಕೂರುವುದನ್ನು ಕಲಿಸಲು ಹೊರಟಾಗ, ಪ್ಲೇಸ್ಕೂಲಿಗೆ ಸೇರಿಸಿದಾಗ.

ಈಗ ಪುಡಿಯ ವಿಷಯ. ಅದರ ಹೆಸರು ಪಾಲಿಎಥಿಲೀನ್ ಗ್ಲೈಕಾಲ್, ಪೆಗ್ ಅನ್ನುತ್ತಾರೆ. ನೀರಿನಲ್ಲಿ ಕಲಸಿ ಕುಡಿಸುವುದು. ಮೈಗೆ ಹೆಚ್ಚುಕಮ್ಮಿ ಸೇರುವುದೇ ಇಲ್ಲ, ಕರುಳಿನಲ್ಲೇ ನೀರು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಮೊದಲು ಕೆಲವು ದಿನ ಜಾಸ್ತಿ ಕೊಟ್ಟು ಒಳಗೆ ಕಟ್ಟಿಕೊಂಡದ್ದನ್ನು ಖಾಲಿ ಮಾಡಿಸಿದರು. ಆಮೇಲೆ ದಿನಾ ಸ್ವಲ್ಪ. ಎಷ್ಟು ಅಂತ ನನ್ನನ್ನು ಕೇಳಬೇಡಿ, ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೊದಲ ಔಷಧಿ ಇದೇ, ಕಡಿಮೆ ಅಂದರೆ 2 ತಿಂಗಳು ಕೊಡಬೇಕು, ತೊಂದರೆ ಪೂರ್ತಿ ನಿಂತ ಮೇಲೂ ಕಡಿಮೆ ಅಂದರೆ ಒಂದು ತಿಂಗಳು ಕೊಟ್ಟು, ಆಮೇಲೆ ನಿಧಾನಕ್ಕೆ ಕಮ್ಮಿ ಮಾಡಬೇಕು ಅಂತ ಇದೆ. ನಾವು ಮೂರನೇ ವಾರಕ್ಕೇ ನಿಲ್ಲಿಸಿದ್ದೆವು. ದಿನಾ ಆಗುತ್ತಿತ್ತಲ್ಲ, "ಅಭ್ಯಾಸ ಆಗಿಬಿಡುತ್ತೆ" ಅಂತ ಎಲ್ಲರೂ ಹೆದರಿಸಿದ್ದರು. ಹತ್ತೇ ದಿನದಲ್ಲಿ ಅವಳು ಮತ್ತೆ ಪರದೆ ಹಿಂದೆ ಹೋಗಿ ನಿಂತಳು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು ತಿಂಗಳುಗಳು ಬೇಕು. ಹೆದರಿಕೆ ಹೋಗಲು ಅದಕ್ಕಿಂತ ಜಾಸ್ತಿ. ನೋವಿಲ್ಲದೆ ಒಂದೆರಡು ಸಲ ಆದರೆ ಸಾಲದು, ನೂರು ಸಲ ಆಗಬೇಕು, ಆಗ ಮಗು ನಂಬುತ್ತದೆ.

ಊಟದ ಬಗ್ಗೆ ಎಲ್ಲರಿಗೂ ಆಸಕ್ತಿ, ಅದಕ್ಕೆ ಹೇಳುತ್ತೇನೆ. ನಮ್ಮವಳು ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುತ್ತಿದ್ದಳು, 800 ಮಿಲಿ ಹತ್ತಿರ. ಹಾಲಿನಲ್ಲಿ ನಾರಿಲ್ಲ, ಹೊಟ್ಟೆ ಮಾತ್ರ ತುಂಬುತ್ತದೆ. 500ರೊಳಗೆ ಇಳಿಸಿದ ಮೇಲೆ ಅವಳೇ ಅನ್ನ ಹುಳಿ ಕೇಳಲು ಶುರು ಮಾಡಿದಳು. ರಾಗಿ ಕೊಟ್ಟರೂ ಹೀಗಾ ಅಂತ ಕೇಳುತ್ತಾರೆ. ನಾವು ಮಕ್ಕಳಿಗೆ ಮಾಡುವ ರಾಗಿ ಸರಿಯ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಶೋಧಿಸುತ್ತೇವೆ ಅಲ್ವಾ? ಬಟ್ಟೆ ಮೇಲೆ ಉಳಿಯುವ ತೌಡೇ ನಾರು. ಅದನ್ನು ಎಸೆದು ನುಣ್ಣನೆಯದನ್ನು ಕೊಡುತ್ತೇವೆ. ಎರಡು ವರ್ಷದ ಮಗುವಿಗೆ ಅದು ಬೇಕಿಲ್ಲ, ಶೋಧಿಸದ ಹಿಟ್ಟಿನ ಅಂಬಲಿ ಚೆನ್ನಾಗೇ ಕುಡಿಯುತ್ತದೆ, ಮೆತ್ತನೆ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿಕೊಟ್ಟರೆ ನುಂಗುತ್ತದೆ. ಹಣ್ಣಿನಲ್ಲಿ ಸೀಬೆ ಬಹಳ ಒಳ್ಳೆಯದು, 100 ಗ್ರಾಂನಲ್ಲಿ 5 ಗ್ರಾಂಗಿಂತ ಜಾಸ್ತಿ ನಾರಿದೆ. ಹಾಪ್‌ಕಾಮ್ಸ್ ಅಂಗಡಿಯಿಂದ ಮೆತ್ತಗಿನದು ಆರಿಸಿ ತಂದು ಸಣ್ಣಗೆ ಹೆಚ್ಚಿ ಕೊಡುತ್ತಿದ್ದೆ. ಪರಂಗಿ ಹಣ್ಣೂ ಆಗುತ್ತದೆ. ಒಣದ್ರಾಕ್ಷಿ ನೆನೆಸಿ ನೀರು ಮಾತ್ರ ಕುಡಿಸಿ ಹಣ್ಣು ಎಸೆಯಬೇಡಿ, ನಾರಿರುವುದು ಹಣ್ಣಿನಲ್ಲಿ. ಚೆನ್ನಾಗಿ ಕಿವುಚಿ ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆದರೆ ಒಮ್ಮೆ ಚಕ್ರ ಶುರುವಾದ ಮೇಲೆ ಬರೀ ಹಣ್ಣು, ನೀರಿನಿಂದ ಅದು ನಿಲ್ಲುವುದು ಕಷ್ಟ. ನಾವು ಎರಡು ತಿಂಗಳು ಅದನ್ನೇ ನಂಬಿಕೊಂಡು ಅವಳಿಗೆ ನೋವು ಜಾಸ್ತಿ ಮಾಡಿದೆವು.

ಮಣೆಯ ಕಥೆ ನನಗೆ ತುಂಬ ಇಷ್ಟ. ಕಮೋಡಿನ ಮೇಲೆ ಕೂರಿಸಿದರೆ ಸಣ್ಣ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತದೆ. ನೀವೇ ಎತ್ತರದ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ತಿಣುಕಿ ನೋಡಿ, ಬಲವೇ ಬರುವುದಿಲ್ಲ. ಪಾದ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಹಳೇ ಕಾಲದ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತಾಗ ಇದು ತಾನಾಗೇ ಆಗುತ್ತಿತ್ತು. ನಮ್ಮಮ್ಮನ ಹಲಸಿನ ಮರದ ಮಣೆಯ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರ ಮಾಡಿದೆ. ಅದರ ಮೇಲಿನ ಕಮಲದ ಕೆತ್ತನೆಯನ್ನು ಅವಳು ಹೆಬ್ಬೆರಳಿನಿಂದ ಸವರುತ್ತಾ ಕೂರುತ್ತಿದ್ದಳು. ನಾನು ಬಕೆಟ್ ಬೋರಲು ಹಾಕಿಕೊಂಡು ಎದುರಿಗೆ ಕೂರುತ್ತಿದ್ದೆ. ದಿನಾ ತಿಂಡಿ ಆದ ಮೇಲೆ ಐದರಿಂದ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗಾಡಲು ಶುರು ಮಾಡುತ್ತದೆ, ಅದಕ್ಕೇ ಆ ಹೊತ್ತು. ಆದರೂ ಸರಿ, ಆಗದಿದ್ದರೂ ಸರಿ, ಬೈಗುಳ ಇಲ್ಲ.

ಅಲ್ಲಿಗೆ ಬರುವ ಮೊದಲು ಎರಡು ತಿಂಗಳು ಡಯಾಪರಿಗೇ ವಾಪಸ್ ಹೋಗಿದ್ದೆವು. ಪರದೆ ಹಿಂದೆ ನಿಂತು ಡಯಾಪರಲ್ಲೇ ಮಾಡಲಿ, ಮಾಡಿದರೆ ಸಾಕು ಅಂತ. ಆಮೇಲೆ ಡಯಾಪರ್ ಹಾಕಿಕೊಂಡೇ ಬಾತ್‌ರೂಮಿನಲ್ಲಿ, ಆಮೇಲೆ ಹಾಗೇ ಕಮೋಡಿನ ಮೇಲೆ, ಕೊನೆಗೆ ಡಯಾಪರ್ ಇಲ್ಲದೆ. ಮನೆಯಲ್ಲಿ "ಛೀ, ಗಲೀಜು" ಅನ್ನುವ ಮಾತು ನಿಲ್ಲಿಸಿದೆವು. ಮಗುವಿನ ಮೈಯಿಂದ ಬಂದದ್ದಕ್ಕೆ ನಾವು ಮೂಗು ಮುಚ್ಚಿಕೊಂಡು ಛೀ ಅಂದರೆ ಅದು ಮುಚ್ಚಿಡುತ್ತದೆ ತಾನೇ?

ಕೆಲವು ವಿಷಯಕ್ಕೆ ಮಾತ್ರ ಕಾಯಬೇಡಿ, ನನ್ನನ್ನೂ ಕೇಳಬೇಡಿ, ಆಸ್ಪತ್ರೆಗೆ ಹೋಗಿ: ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಮಲ ಬಂದಿರಲಿಲ್ಲ ಅಂದರೆ, ಒಂದು ತಿಂಗಳ ಒಳಗೇ ತೊಂದರೆ ಶುರುವಾಗಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ, ಜ್ವರ ಇದ್ದರೆ, ತೂಕ ಏರದಿದ್ದರೆ. ಬರೀ ತಾಯಿ ಹಾಲು ಕುಡಿಯುವ ಕೂಸು, ಒಂದು ತಿಂಗಳು ದಾಟಿದ ಮೇಲೆ, ಕೆಲವು ದಿನ ಮಾಡದೆ ಇದ್ದರೂ ಮೆತ್ತಗೆ ಮಾಡಿ ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಯಾವ ವಯಸ್ಸಿನ ಮಗುವಿಗೂ ಹಿಂದಿನಿಂದ ಸೋಪಿನ ಕಡ್ಡಿ ತೂರಿಸುವುದು ಬೇಡ, ವೀಳ್ಯದೆಲೆಯ ತೊಟ್ಟೂ ಬೇಡ. ಕಾಲು ಹಿಡಿಯಿರಿ ಅಂತ ಯಾರಾದರೂ ಕರೆದರೆ ಹೋಗಬೇಡಿ.

ಮೊನ್ನೆ ಲಿಫ್ಟಿನಲ್ಲಿ ಐದನೇ ಮಹಡಿಯವರು ಸಿಕ್ಕಿದರು, ಹೆಗಲ ಮೇಲೆ ಎರಡು ವರ್ಷದ ಮಗ. "ಸಾರ್, ಇವನಿಗೆ ನಾಲ್ಕು ದಿನ ಆಯ್ತು. ನೀವು ಏನು ಕೊಟ್ರಿ?"

"ಸೋಫಾ ಹಿಂದೆ ಹೋಗಿ ನಿಂತ್ಕೋತಾನಾ?" ಅಂದೆ.

"ಡೈನಿಂಗ್ ಟೇಬಲ್ ಕೆಳಗೆ ಸಾರ್. ಯಾಕೆ?"

"ತುದಿಗಾಲಲ್ಲಾ?"

ಮೂರನೇ ಮಹಡಿ ಬಂತು. ಅವರು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತರು. ನಾನು ಇಳಿಯಲಿಲ್ಲ, ಅವರ ಜೊತೆ ಐದನೆಯದಕ್ಕೇ ಹೋದೆ.